ಚಿಲಕ ಹಾಕಿದ ಕೈ

ಅಪರಾತ್ರಿಯಲ್ಲಿ ಯಾರೋ ಬೆರಳ ತುದಿಯಿಂದ ಬಾಗಿಲು ತಟ್ಟಿದ ಸದ್ದಾಯಿತು. ಆ ಬಾಗಿಲು ತೊಂಬತ್ತು ವರ್ಷ ಹಿಂದಿನದು. ನಮ್ಮ ಕಾಲೇಜಿನ ಪ್ರತಿಭಾ ಮಂಡಲಿಗೆ ಸೇರುವವಳಿಗೆ, ಮಂಡಲಿ ಹುಟ್ಟಿದ ರಾತ್ರಿಯ ನೆನಪನ್ನು ತೀರ್ಥದಂತೆ ಒಂದು ಉದ್ಧರಣೆ ಕುಡಿಸುತ್ತಾರೆ. ಸ್ಥಾಪಕಿ ಅಂಬುಜಾಕ್ಷಿ ಬಿಟ್ಟುಹೋದ ನೆನಪು ಅದು. ಇವತ್ತು ಕುಡಿದವಳು ನಾನು; ಅದರೊಳಗೆ ನಾನೇ ಅಂಬುಜಾಕ್ಷಿ.

ಕಂದೀಲಿನ ಸುತ್ತ ನಾವು ಐವರು ಪ್ರಮಾಣ ಮಾಡುತ್ತಿದ್ದೆವು.

"ಅಂಬುಜಾ, ಮಂಡಲಿ ಮಾಡೋಣ ಅಂದಿದ್ದೇ ನಾನಲ್ವಾ? ಬಾಗ್ಲು ತೆಗಿಯೇ," ಎಂದಳು ಹೊರಗಿದ್ದ ಪುಟ್ಟೀರಮ್ಮ, ತರಗತಿಗೇ ಮೊದಲನೆಯವಳು.

"ಅವಳ ಪಕ್ಕ ಕೂತು ಉಣ್ಣೋರ್ಯಾರು?" ಒಳಗೆ ಒಬ್ಬಳು ನಕ್ಕಳು.

ಚಿಲಕ ಹಾಕಿದ್ದು ನನ್ನ ಬಲಗೈ.

ಕಣ್ಣು ಬಿಟ್ಟಾಗ ಅಧ್ಯಕ್ಷೆ ಸುಕನ್ಯಕ್ಕ ಮಂಡಲಿಯ ಪದಕ ಹಿಡಿದು ನಿಂತಿದ್ದಳು. ಅದಿಲ್ಲದಿದ್ದರೆ ನನಗೆ ಎಂ.ಎ. ಸೀಟಿಲ್ಲ.

"ಆವತ್ತು ರಾತ್ರಿ ಎಷ್ಟು ಜನ ಬಂದಿದ್ರೇ?"

"ಐದು ಜನ, ಅಕ್ಕಾ."

"ಜಾಣೆ. ನಾನೂ ಹಂಗೇ ಅಂದಿದ್ದೆ."

ಹಳೆಯ ಸದಸ್ಯೆಯರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರೇ ಬಲಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡರು. ನಾನೂ ಒರೆಸಿಕೊಂಡೆ. ಕಬ್ಬಿಣದ ತಣುಪು ಹೋಗಲಿಲ್ಲ.

ಬೆಳಿಗ್ಗೆ ಅಮ್ಮ ಫೋನಿನಲ್ಲಿ, "ಹೆಂಗಿತ್ತೇ ಸಮಾರಂಭ?" ಎಂದು ಹಿಗ್ಗಿನಿಂದ ಕೇಳಿದಳು. ಫೋನನ್ನು ಎಡಗೈಗೆ ಬದಲಿಸಿಕೊಂಡು, "ಚೆನ್ನಾಗಿತ್ತಮ್ಮ," ಎಂದೆ. ಪುಟ್ಟೀರಮ್ಮ ಬಾಗಿಲು ತಟ್ಟಿದ್ದನ್ನು ಯಾರಿಗೂ ಹೇಳಬಾರದೆಂದು ಅಷ್ಟರಲ್ಲಿ ನಿರ್ಧರಿಸಿಬಿಟ್ಟಿದ್ದೆ.