ಸದ್ದೇ ಮಾಡದ ಪಂಪು

ಬಣ್ಣದ ಮೀನಿನ ಅಂಗಡಿಯಲ್ಲಿ ಗಂಡ ಸಮುದ್ರ ಮೀನಿನ ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, "ಉಪ್ಪು ಕಮ್ಮಿ" ಅಂದ. ಊಟದ ಸಾರಿನಲ್ಲಿ ತಪ್ಪು ಹುಡುಕುವವನ ಧಾಟಿ. ಅಂಗಡಿಯವನಿಗೆ ಮೈ ಉರಿಯಿತು. ಉಪ್ಪಿನಂಶ ಅಳೆಯುವ ಗಾಜಿನ ಕೊಳವೆ ತಂದು ನೀರಿನಲ್ಲಿ ತೇಲಿಬಿಟ್ಟ. ನೋಡಿದ, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ. ಆಮೇಲೆ ಬಕೆಟ್ಟಿನಲ್ಲಿ ಉಪ್ಪು ಕದಡತೊಡಗಿದ.

"ಮೂವತ್ತೆರಡು ವರ್ಷ ಹಡಗಲ್ಲಿದ್ರು," ಅಂದಳು ಹೆಂಡತಿ. ಆಕೆಯ ಕೊರಳಲ್ಲಿ ಹೊಲಿಗೆಯ ಟೇಪು ಜೋತಾಡುತ್ತಿತ್ತು. ಮನೆಯ ಗೋಡೆ ಅಳೆದವಳು ಬರುವ ಗಡಿಬಿಡಿಯಲ್ಲಿ ಅದನ್ನು ತೆಗೆದಿಡುವುದನ್ನೇ ಮರೆತಿದ್ದಳು. "ರಿಟೈರ್ ಆಗಿ ಮೂರು ತಿಂಗಳಾಯ್ತು. ಒಂದು ದಿನಾನೂ ನೆಟ್ಟಗೆ ನಿದ್ದೆ ಇಲ್ಲ. ಸಮುದ್ರದ ನೆನಪು ನೋಡಿ. ಅದಕ್ಕೇ ಮನೇಗೇ ಒಂಚೂರು ಸಮುದ್ರ ತಂದ್ಬಿಡೋಣ ಅಂತ."

ಆಕೆ ಹೇಳದೆ ಬಿಟ್ಟದ್ದೂ ಒಂದಿತ್ತು. ಇನ್ನೊಂದು ವರ್ಷದ ಮಟ್ಟಿಗೆ ಬನ್ನಿ ಎಂದು ಹಡಗಿನ ಕಂಪನಿಯವರು ಕರೆದಿದ್ದರು. ಇವತ್ತು ಸಂಜೆ ಫೋನ್ ಮಾಡುತ್ತೇವೆ, ಹೌದೋ ಅಲ್ಲವೋ ಹೇಳಿಬಿಡಿ ಎಂದಿದ್ದರು. ಗಂಡ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಇಷ್ಟು ವರ್ಷ ನೆಂಟನ ಹಾಗೆ ಬಂದು ಹೋಗುತ್ತಿದ್ದವನು ಈಗಷ್ಟೇ ಇಡಿಯಾಗಿ ಕೈಗೆ ಸಿಕ್ಕಿದ್ದ. ಮತ್ತೆ ಬಿಟ್ಟುಕೊಡುವ ಮನಸ್ಸು ಆಕೆಗೆ ಎಳ್ಳಷ್ಟೂ ಇರಲಿಲ್ಲ.

"ನಾಲ್ಕಡಿ ತೊಟ್ಟಿ ತಗೊಳ್ಳಿ," ಅಂದ ಅಂಗಡಿಯವ. "ಚಿಕ್ಕದಾದ್ರೆ ನೀರು ಬೇಗ ಕೆಡತ್ತೆ."

"ನನ್ನ ಹೊಲಿಗೆ ಮೆಷಿನ್ನಿಗೂ ಬಾಗಿಲಿಗೂ ಮಧ್ಯ ಇರೋದೇ ಮೂರಡಿ. ಆ ಮೆಷಿನ್ ಇದ್ದ ಜಾಗದಿಂದ ಕದಲಲ್ಲ. ಕಿಟಕಿ ಬೆಳಕು ಬೀಳೋದು ಅಲ್ಲೊಂದೇ ಕಡೆ."

ತೊಟ್ಟಿ ಮೂರಡಿಯದೇ ಎಂದು ಮಾತು ಅಲ್ಲಿಗೆ ನಿಂತರೂ ಆಕೆಯ ಉತ್ಸಾಹ ನಿಲ್ಲಲಿಲ್ಲ. ನೀಲಿ ದೀಪವನ್ನು ಹತ್ತಿಸಿ ಆರಿಸಿ ತನ್ನ ಕೈ ನೀಲಿಯಾಗುವುದನ್ನು ನೋಡಿ ನಕ್ಕಳು. ನೀರಿನ ನೊರೆ ತೆಗೆಯುವ ಯಂತ್ರ ತೋರಿಸಿದರೆ, "ನೊರೆ ಯಾಕೆ ತೆಗೀಬೇಕು, ನೊರೆ ಇದ್ರೇ ಅಲ್ವಾ ಸಮುದ್ರ?" ಎಂದು ಕೇಳಿದಳು. ಅಲೆ ಎಬ್ಬಿಸುವ ಫ್ಯಾನನ್ನು ತಿರುವಿ ನೋಡಲು ಹೋಗಿ ಅಂಗಡಿಯವನ ಅಂಗಿ ತೋಯಿಸಿದಳು. ಆತ ಒರೆಸಿಕೊಳ್ಳುತ್ತಲೇ, ಹೆತ್ತ ಮಗುವನ್ನು ಎತ್ತಿಕೊಂಡ ಹಾಗೆ ಒಂದು ಕರಿ ಪಂಪನ್ನು ಎತ್ತಿಕೊಂಡು ಬಂದು ನೀರಿಗಿಳಿಸಿದ.

"ಇದು ನೋಡಿ. ಸದ್ದೇ ಮಾಡಲ್ಲ. ಓಡ್ತಾ ಇದೆ ಅಂತಾನೇ ಗೊತ್ತಾಗಲ್ಲ."

ಗಂಡ ಗಾಜಿಗೆ ಕಿವಿಯಿಟ್ಟ. "ಮತ್ತೆ ಕೆಟ್ಟು ನಿಂತ್ರೆ ಹೇಗೆ ಗೊತ್ತಾಗತ್ತೆ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಂಗಡಿಯ ಹಿಂಭಾಗಕ್ಕೆ ನಡೆದುಬಿಟ್ಟ.

ಕಲ್ಲು, ಮರಳು, ಹೀಟರು ಎಲ್ಲ ಆರಿಸಿ ಮುಗಿಸಿ, ಇವರೆಲ್ಲಿ ಹೋದರು ಎಂದು ಆಕೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಒಂದು ಗಂಟೆ ಕಳೆದಿತ್ತು. ಹಿಂದಿನ ಕೋಣೆಯಲ್ಲಿ ಹಳೆಯ ಪಂಪೊಂದು ಗುಡುಗುಡು ಗಡಗಡ ಎಂದು ಗೋಡೆ ನಡುಗಿಸುತ್ತಿತ್ತು. ಅದರ ಪಕ್ಕದಲ್ಲೇ, ಉಪ್ಪಿನ ಮೂಟೆಗಳ ಮೇಲೆ ಗಂಡ ಬಾಯಿ ತೆರೆದು ಮಲಗಿದ್ದ. ಗೊರಕೆ ಪಂಪಿನ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರಲ್ಲ," ಅಂದ ಅಂಗಡಿಯವ.

"ಇವರಿಗೆ ಸಂತೆ ಇದ್ರೇನೇ ನಿದ್ದೆ," ಅಂದಳು ಆಕೆ. ಹೇಳಿದ ಮೇಲೆ ಆ ಮಾತಿನ ಅರ್ಥ ಆಕೆಗೇ ಹೊಳೆಯಿತು. ಗಂಡ ಹಡಗಿನಲ್ಲಿದ್ದದ್ದು ತಳದ ಎಂಜಿನ್ ಕೋಣೆಯಲ್ಲಿ. ಅಲ್ಲಿ ಕಿಟಕಿಯೇ ಇಲ್ಲ. ಸಮುದ್ರವನ್ನು ಆತ ಕಣ್ಣಿನಿಂದ ನೋಡಿದ್ದಕ್ಕಿಂತ ಸೋರುವ ಪೈಪಿಗೆ ಬೆರಳಿಟ್ಟು ನೆಕ್ಕಿ ನೋಡಿದ್ದೇ ಹೆಚ್ಚು. ಇದೆಲ್ಲ ಮೂವತ್ತೆರಡು ವರ್ಷದಿಂದ ಗೊತ್ತಿದ್ದದ್ದೇ, ತಲೆಗೆ ಹೋದದ್ದು ಮಾತ್ರ ಈಗ. ಆಕೆಗೆ ನಗು ತಡೆಯಲಾಗಲಿಲ್ಲ. ಎಬ್ಬಿಸಿಬಿಟ್ಟೇನೆಂದು ಟೇಪಿನ ತುದಿಯನ್ನೇ ಬಾಯಿಗೆ ತುರುಕಿಕೊಂಡಳು.

"ಈ ಪಂಪು ಕೊಡಿ."

"ಅಯ್ಯೋ ಅಮ್ಮ, ಬೇರಿಂಗ್ ಸವೆದಿದೆ. ಗುಜರಿಗೆ ಹಾಕೋಣ ಅಂತಿದ್ದೆ."

"ಮೀನಿಗೆ ತೊಂದ್ರೆನಾ?"

"ಮೀನಿಗೇನಿಲ್ಲ, ನೀರು ಚೆನ್ನಾಗೇ ಎತ್ತತ್ತೆ. ತಲೆನೋವು ಮನೆಯವರಿಗೆ."

"ನಮ್ಮನೆಯವರದು ನನಗೆ ಬಿಡಿ. ಕಟ್ಟಿಕೊಡಿ."

ಅಂಗಡಿಯವ ಸ್ವಿಚ್ ಆರಿಸಿದ. ಪಂಪು ನಿಂತದ್ದೇ ತಡ, ಗಂಡ ದಡಕ್ಕನೆ ಎದ್ದು ಕೂತ. "ಎಂಜಿನ್ ಯಾಕೆ ನಿಲ್ತು?" ಅಂದ. ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಕೈ ಆಗಲೇ ಸ್ಪ್ಯಾನರಿಗಾಗಿ ಉಪ್ಪಿನ ಮೂಟೆ ತಡಕುತ್ತಿತ್ತು. ಅಂಗಡಿಯವ ಬೆದರಿ ಮತ್ತೆ ಸ್ವಿಚ್ ಹಾಕಿದ. ಗುಡುಗುಡು ಶುರುವಾಯಿತು. ಗಂಡ ಕಣ್ಣುಬಿಟ್ಟು ಪಂಪನ್ನು ನೋಡಿದ, ಕಣ್ಣೀರು ಬರುವ ಹಾಗೆ ನಗುತ್ತಿದ್ದ ಹೆಂಡತಿಯನ್ನು ನೋಡಿದ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಆಕೆಯ ನಗು ಅಲ್ಲೇ ನಿಂತಿತು.

ಗಂಡ ಒಂದು ಕಿವಿ ಮುಚ್ಚಿಕೊಂಡು ಫೋನಿಗೆ ಜೋರಾಗಿ ಹೇಳಿದ: "ಇಲ್ಲ ಸಾರ್, ಬರಕ್ಕಾಗಲ್ಲ. ಬೇರೆ ಹಡಗಿಗೆ ಸೇರ್ಕೊಂಡೆ. ಹೂಂ, ಈಗಷ್ಟೇ. ಕೇಳಿಸ್ತಿಲ್ವಾ, ಅದರ ಎಂಜಿನ್ನೇ. ಹಡಗಿನ ಉದ್ದನಾ?" ಆತ ಹೆಂಡತಿಯ ಕಡೆ ತಿರುಗಿ ಕಣ್ಣಲ್ಲೇ ಕೇಳಿದ, ಮೂರು ಬೆರಳೆತ್ತಿದ.

ಆಕೆ ಅವನ ನಾಲ್ಕನೆಯ ಬೆರಳನ್ನೂ ಹಿಡಿದು ನೆಟ್ಟಗೆ ನಿಲ್ಲಿಸಿದಳು. "ನಾಲ್ಕಡಿ ಅನ್ನಿ," ಅಂದಳು. "ಮೆಷಿನ್ನು ಆಚೆ ತಳ್ಳಿದ್ರಾಯ್ತು."