ತಾಯಿಗೆ ಉಳಿದ ಎಳೆ

ಸೂಕ್ಷ್ಮದರ್ಶಕದ ಪರದೆಯ ಮೇಲೆ ಯೀಸ್ಟ್ ಕೋಶದ ಪಕ್ಕೆಯಲ್ಲಿ ಮರಿಕೋಶವೊಂದು ಮೊಗ್ಗಿನಂತೆ ಉಬ್ಬುತ್ತಿತ್ತು. ತಾಯಿಕೋಶದ ಮೈಟೋಕಾಂಡ್ರಿಯಗಳು ಹಸಿರು ಎಳೆಗಳಾಗಿ ಅದರೊಳಗೆ ಹರಿದು ಹೋಗುತ್ತಿದ್ದವು. ಖಾರಘರದಲ್ಲಿರುವ ಮಗಳ ಲ್ಯಾಬಿಗೆ ಮೊದಲ ಸಲ ಬಂದ ಉಮಾವತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

“ಕೋಶಕ್ಕೆ ಶಕ್ತಿ ಕೊಡುವುದೇ ಅವು ಅಮ್ಮ. ಗಟ್ಟಿಮುಟ್ಟಾದದ್ದೆಲ್ಲ ಮಗಳಿಗೆ,” ಎಂದಳು ತುಂಬು ಬಸುರಿ ಮಾನಸಿ.

“ಎಲ್ಲ ಕೊಟ್ಟೇಬಿಟ್ಟಿತಾ ಮಾರಾಯ್ತಿ? ತಾಯಿಗೆ ಮತ್ತೆ ಎಂತ ಉಂಟು?”

ಅಮ್ಮನ ಮಡಿಲಲ್ಲಿ ಬಟ್ಟೆ ಸುತ್ತಿದ ತಾಳಗಳಿದ್ದವು. ಅಪ್ಪ ತೀರಿಕೊಂಡ ಮೇಲೆ ಡೊಂಬಿವಲಿಯ ಭಜನಾ ಮಂಡಳಿಯೇ ಅವರನ್ನು ಎಬ್ಬಿಸಿ ನಿಲ್ಲಿಸಿತ್ತು. ಮಗು ನೋಡಿಕೊಳ್ಳಲು ಇಲ್ಲಿಗೇ ಬಂದುಬಿಡು ಎಂದು ಮಾನಸಿ ಹಟ ಹಿಡಿದಿದ್ದಳು. ಅದಕ್ಕೇ ಸಂಜೆ ತಾಳಗಳನ್ನು ಮಂಡಳಿಗೆ ಒಪ್ಪಿಸಿಬಿಡಲು ಅಮ್ಮ ಹೊರಟಿದ್ದರು.

“ಇಲ್ಲಮ್ಮ, ಈ ತುದಿ ನೋಡು. ಇಲ್ಲಿ ಸ್ವಲ್ಪ ಎಳೆ ತಾಯಿಯನ್ನೇ ಕಚ್ಚಿ ಹಿಡಿದು ಕೂತಿರ್ತದೆ, ಬಿಡುವುದಿಲ್ಲ. ಇದನ್ನೂ ಕೊಟ್ಟರೆ ತಾಯಿ…”

ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಹೇಳಿದ ಮಾತನ್ನು ಅರ್ಧಕ್ಕೇ ಬಿಟ್ಟು ಅವಳು ಅಮ್ಮನ ಮಡಿಲಿನತ್ತ ನೋಡಿದಳು. ಮಾನಸಿ ಕಷ್ಟಪಟ್ಟು ಬಗ್ಗಿದಳು. ಬಟ್ಟೆಯ ಗಂಟು ಬಿಚ್ಚಿ, ತಾಳದ ದಾರವನ್ನು ಅಮ್ಮನ ಬೆರಳುಗಳಿಗೆ ಬಿಗಿಯಾಗಿ ಸುತ್ತತೊಡಗಿದಳು.