ಹದಿನೇಳು ಕೊಂಬೆಗಳು

ಶುಕ್ರವಾರ ಬೆಳಿಗ್ಗೆ ಹಿಮದೋಣಿ ಪಂದ್ಯದ ಸಮಿತಿಯವರು, ಹೆಪ್ಪುಗಟ್ಟಿದ ಹಿನ್ನೀರಿನ ಮೇಲೆ ಉರ್ತೆ ನೆಟ್ಟಿದ್ದ ಹದಿನೇಳು ಮುಳ್ಳುಮುಳ್ಳಾದ ಜುನಿಪರ್ ಕೊಂಬೆಗಳನ್ನು ಕಿತ್ತುಹಾಕಿಸಿದರು. ಮಧ್ಯಾಹ್ನ ಅದೇ ಸಾಲಿನಲ್ಲಿ ಅವಳ ತಮ್ಮ ಮಿಕ್ಲಾಸ್ ಮೀನಿನ ಜಾರುಗಾಡಿಯ ಸಮೇತ ಮುಳುಗಿದ. ಶನಿವಾರ ಹೆಣ ಸಿಕ್ಕಿತು. ಭಾನುವಾರ ಪಂದ್ಯ.

ಆ ದಡದ ಬೆಸ್ತರಿಗೆ ಮಂಜುಗಡ್ಡೆಯ ಮೇಲೆ ಒಂದೇ ಕಾನೂನು: ಕೊಂಬೆ ಕಂಡರೆ ಬಿರುಕು, ಕೊಂಬೆ ಇಲ್ಲದಿದ್ದರೆ ನೆಲ. ನೆಟ್ಟ ಕೊಂಬೆಯನ್ನು ಮನುಷ್ಯರು ಮುಟ್ಟುವಂತಿಲ್ಲ. ವಸಂತದಲ್ಲಿ ನೀರೇ ಬಂದು ಒಯ್ಯಬೇಕು. ಮಿಕ್ಲಾಸ್ ಕೊಂಬೆ ಕಾಣದ ಕಡೆ, ಅಕ್ಕನನ್ನು ನಂಬಿ ಗಾಡಿ ಎಳೆದಿದ್ದ. ಕಿತ್ತದ್ದನ್ನು ಕಂಡೆ ಎನ್ನುವವರು ಯಾರೂ ಇರಲಿಲ್ಲ. “ಉರ್ತೆಗೆ ವಯಸ್ಸಾಯ್ತು ಕಣ್ರೀ, ಈ ಸಲ ನೆಡೋದನ್ನೇ ಮರ್ತಿದಾಳೆ” ಎಂದು ಊರು ಹೊಗೆಮೀನು ಚೀಪುತ್ತಾ ಮಾತಾಡಿಕೊಂಡಿತು. ಸಮಿತಿ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಪುಕ್ಕಟೆ ಸಿಕ್ಕ ಸುಳ್ಳನ್ನು ಯಾರು ತಾನೇ ಬಿಸಾಡುತ್ತಾರೆ?

ಮೂವತ್ತು ಹಿಮದೋಣಿಗಳು, ಅಡಿಯಲ್ಲಿ ಮೂರು ಉಕ್ಕಿನ ಅಲಗು, ಮೇಲೊಂದು ಹಾಯಿ, ಸಾಲಾಗಿ ನಿಂತಿದ್ದವು. ಸತ್ತವನಿಗಾಗಿ ಒಂದು ನಿಮಿಷ ಮೌನ ಎಂದು ಧ್ವನಿವರ್ಧಕದಲ್ಲಿ ಸಾರಿದರು. ನಲವತ್ತು ಸೆಕೆಂಡಿಗೇ ಮುಗಿಸಿದರು. ಒಳ್ಳೆಯ ಗಾಳಿ ಎದ್ದಿತ್ತು.

ಉರ್ತೆ ಆಗಲೇ ಬಿರುಕಿನ ಬಳಿಯಿದ್ದಳು. ತಮ್ಮನನ್ನು ನುಂಗಿದ ಬಾಯಿ ಎರಡು ರಾತ್ರಿಯ ಚಳಿಗೆ ಮುಚ್ಚಿಕೊಂಡು, ಮೇಲೆ ಹೊಸ ಹಿಮ ಹೊದ್ದು, ಏನೂ ಅರಿಯದಂತೆ ಮಲಗಿತ್ತು. ಕಬ್ಬಿಣದ ಮೊನೆಯ ಕೋಲಿನಿಂದ ಕುಟ್ಟಿದಳು. ಗಟ್ಟಿ ಗಡ್ಡೆಯಾದರೆ ದೂರದವರೆಗೆ ಗುಂಯ್ಗುಟ್ಟುತ್ತದೆ. ಇದು ಮೂಕವಾಗಿತ್ತು. ಹಲಗೆ ಹಾಸಿ, ಹೊಟ್ಟೆಯ ಮೇಲೆ ತೆವಳಿ, ಅಂಚಿನಲ್ಲಿ ಒಂದು ಕೊಂಬೆ ನೆಟ್ಟು ಹಿಂದೆ ಸರಿದಳು. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಸಮಿತಿಯ ಅಧ್ಯಕ್ಷ ಡೊನಾತಾಸ್ ಬಂದ. ಹೊಸ ಕುರಿಚರ್ಮದ ಬೂಟು. ಹಿಂದೆ ಬಾವುಟಗಳ ಕಟ್ಟು ಹೊತ್ತ ಲೀನಾಸ್. ಐವತ್ತು ದಾಟಿದ, ಸಮಿತಿ ಹೇಳಿದ ಚಾಕರಿ ಮಾಡುವ ಆಳು.

“ಏನ್ ಉರ್ತಕ್ಕ, ಇಂಥಾ ದುಃಖದಲ್ಲಿ ಮನೇಲಿರಬಾರ್ದಾ?”

“ಮನೇಲಿ ತಮ್ಮ ಮಲಗಿದಾನೆ. ಏನ್ ಹೇಳ್ಬೇಕು, ಹೇಳಿ.”

“ಆ ಕೊಂಬೆ ತೆಗೀರಿ. ವಿಲ್ನಿಯಸ್‌ನಿಂದ ಸಚಿವರು ಬಂದಿದಾರೆ. ಮೂರು ಕಿಲೋಮೀಟರ್ ನೇರ ಓಟ ತೋರಿಸ್ತೀವಿ ಅಂದಿದೀವಿ. ಇಲ್ಲಿಗೇ ನಿಲ್ಸಿದ್ರೆ ಅದು ಪಂದ್ಯಾನಾ, ಮಕ್ಕಳಾಟಾನಾ?”

“ಇಲ್ಲಿ ಗಡ್ಡೆ ಇಲ್ಲ ಸ್ವಾಮಿ. ಹಾಲಿನ ಕೆನೆ ಇದೆ.”

“ನಮ್ಮ ದೋಣಿಗಳ ವೇಗಕ್ಕೆ ಕೆನೆ ಸಾಕು ಬಿಡಿ. ಕಣ್ಣು ಮಿಟುಕಿಸೋದ್ರೊಳಗೆ ದಾಟಿರ್ತವೆ.”

“ಹಂಗಾದ್ರೆ ಮೊದ್ಲನೇ ದೋಣೀಲಿ ನೀವೇ ಕೂತ್ಕೊಳ್ಳಿ.”

ಡೊನಾತಾಸ್ ನಕ್ಕ. “ನನಗೆ ಬೆನ್ನುನೋವು.”

“ಬೆನ್ನುಮೂಳೆ ಇಲ್ದೋರಿಗೂ ಬರುತ್ತಾ ಅದು?”

ಪಂದ್ಯ ಯಾಕೆ ಶುರುವಾಗಲಿಲ್ಲವೆಂದು ನೋಡಲು ನಾಲ್ಕೈದು ಸ್ಪರ್ಧಿಗಳು ನಡೆದು ಬಂದಿದ್ದರು. ಅವರಲ್ಲೊಬ್ಬ ಕಿಸಕ್ಕೆಂದ. ಅಧ್ಯಕ್ಷನ ಮೂಗು ಚಳಿಗಿಂತ ಹೆಚ್ಚು ಕೆಂಪಾಯಿತು.

“ನೋಡಮ್ಮಾ, ಶುಕ್ರವಾರ ನೆಡೋದು ಬಿಟ್ಟು, ಇವತ್ತು ಬಂದು ಎಲ್ಲರೆದುರು ನಾಟಕ ಆಡ್ಬೇಡ. ಕಿತ್ತಾಕು ಅದನ್ನ.”

ಉರ್ತೆ ಕೋಲನ್ನು ಊರಿ ನಿಂತಳು. “ನೀವೇ ಕೀಳಿ. ಇಲ್ಲಿಂದ ಮೂರೇ ಹೆಜ್ಜೆ. ಬೇಕಾದ್ರೆ ಹಲಗೆ ಕೊಡ್ತೀನಿ. ಮಿಕ್ಲಾಸಂದು.”

ಡೊನಾತಾಸ್ ಕೊಂಬೆಯನ್ನು ನೋಡಿದ. ಹಿಮವನ್ನು ನೋಡಿದ. ಕಣ್ಣು ಮಿಟುಕಿಸುವುದರೊಳಗೆ ದಾಟಬಹುದಾದ ಆ ಮೂರು ಹೆಜ್ಜೆಯ ಮುಂದೆ ಕುರಿಚರ್ಮದ ಬೂಟುಗಳು ಬೇರುಬಿಟ್ಟು ನಿಂತವು. ಆಮೇಲೆ ಇಂಥವರ ಕುತ್ತಿಗೆ ಯಾವಾಗಲೂ ತಿರುಗುವ ಕಡೆಗೇ ಅವನದೂ ತಿರುಗಿತು.

“ಲೀನಾಸ್, ಹೋಗಿ ಕಿತ್ಕೊಂಡ್ ಬಾರೋ.”

ಲೀನಾಸ್ ಬಾವುಟಗಳ ಕಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಒಂದೊಂದಾಗಿ ಕೈಗವಸು ಕಳಚಿದ. ಅವನ ಅಂಗೈಗಳ ತುಂಬ ಗೀರು. ಒಣಗಿ ಕಪ್ಪಾದ ಸಣ್ಣ ಸಣ್ಣ ಗೀರುಗಳು. ಅವು ಯಾವ ಗಿಡದ ಮುಳ್ಳಿನವೆಂದು ಅಲ್ಲಿ ಯಾರೂ ಉರ್ತೆಗೆ ಹೇಳಿಕೊಡಬೇಕಾಗಿರಲಿಲ್ಲ. ಲೀನಾಸ್ ಅವಳ ಮುಖ ನೋಡಲಿಲ್ಲ. ಗವಸುಗಳನ್ನು ಅಧ್ಯಕ್ಷನ ಮುಂದೆ ಹಿಡಿದ.

“ಹದಿನೇಳನ್ನೂ ನಾನೇ ಬರಿಗೈಲಿ ಕಿತ್ತೆ ಸಾರ್, ನೀವು ಹೇಳಿದ್ರಿ ಅಂತ. ಇದನ್ನ ಮುಟ್ಟಲ್ಲ. ತಗೊಳ್ಳಿ, ಗವಸು ಹಾಕ್ಕೊಂಡು ಹೋಗಿ. ಚುಚ್ಚುತ್ತೆ.”